ಪೇಸ್‌ಮೇಕರ್ ಇರುವವರು ಸೋಲಾರ್ ಬೇಲಿ ಹತ್ತಿರ ಓಡಾಡಬಹುದಾ?

ತೋಟದಮನೆ, ಸಿದ್ದಾಪುರ:
ಅಪ್ಪನಿಗೆ 71 ವರ್ಷ. ಹೋದ ತಿಂಗಳು ಮೈಸೂರಿನಲ್ಲಿ ಪೇಸ್‌ಮೇಕರ್ (ಎದೆಬಡಿತ ನಿಧಾನವಾದರೆ ಹೃದಯಕ್ಕೆ ಸಣ್ಣ ಕರೆಂಟ್ ಕೊಟ್ಟು ಬಡಿಸುವ ಪುಟ್ಟ ಯಂತ್ರ) ಹಾಕಿಸಿಕೊಂಡು ಬಂದೆವು. ಡಿಸ್ಚಾರ್ಜ್ ದಿನದ ಗಡಿಬಿಡಿಯಲ್ಲಿ ಫೋನ್ ದೂರ ಇಡಿ ಅಂತ ಒಂದು ಮಾತು ಹೇಳಿದರು, ಅಷ್ಟೇ. ನಮ್ಮದು ಕಾಫಿ ತೋಟ, ಆನೆ ಬರುತ್ತದೆ ಅಂತ ಸುತ್ತ ಸೋಲಾರ್ ಬೇಲಿ ಇದೆ, ಬೆನ್ನಿಗೆ ಹಾಕಿಕೊಂಡು ಕಳೆ ಹೊಡೆಯುವ ಪೆಟ್ರೋಲ್ ಮೆಷಿನ್ ಇದೆ, ಅಡುಗೆಮನೆಯಲ್ಲಿ ಇಂಡಕ್ಷನ್ ಒಲೆ. ಅಪ್ಪ ಸುಮ್ನೆ ಕೂರುವವರಲ್ಲ, ಬೆಳಗ್ಗೆ ಬೇಲಿ ಒಂದು ಸುತ್ತು ನೋಡಿ ಬಂದ ಮೇಲೇ ತಿಂಡಿ. ನನಗೆ ತುಂಬ ಭಯ ಆಗುತ್ತಿದೆ. ಇದರಲ್ಲಿ ಯಾವುದು ನಿಜವಾಗಿ ಅಪಾಯ?

ನಾಪೋಕ್ಲು ಮಗಳು:
ನಮ್ಮ ಅಮ್ಮನಿಗೂ ಇದೆ, ಆರು ವರ್ಷ ಆಯಿತು. ಟಿವಿ, ಫ್ರಿಜ್, ಮೈಕ್ರೋವೇವ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಇಂಡಕ್ಷನ್ ಒಲೆಗೆ ಮಾತ್ರ ಎರಡು ಅಡಿ ದೂರ, ಬಗ್ಗಿ ಅಡುಗೆ ಮಾಡೋದು ಬೇಡ. ಫೋನ್ ಎಡಜೇಬಿನಲ್ಲಿ ಇಡಲೇಬಾರದು, ಪೇಸ್‌ಮೇಕರ್ ಇರುವುದೂ ಸಾಮಾನ್ಯವಾಗಿ ಅಲ್ಲೇ ಅಲ್ವಾ. ಬಲಗಿವಿಗೆ ಹಿಡಿದು ಮಾತಾಡಲಿ. ಪೇಸ್‌ಮೇಕರ್ ಕಾರ್ಡ್ ಸದಾ ಜೊತೆಗಿರಲಿ, ಯಾರಾದರೂ ಎಂಆರ್‌ಐ ಅಂದರೆ ಮೊದಲು ಅದನ್ನೇ ತೋರಿಸಿ.

ಆಸ್ಪತ್ರೆ ಮೆಷಿನ್ ರಿಪೇರಿಯವನು:
ಫೋನಿನ ವಿಷಯ ಸರಿ, 15 ಸೆಂಟಿಮೀಟರ್ ದೂರ ಸಾಕು. 2020ರ ಐಫೋನ್ 12ರಿಂದ ಈಚೆಗೆ ಕೆಲವು ಫೋನುಗಳ ಬೆನ್ನಲ್ಲೇ ಅಯಸ್ಕಾಂತ ಇರುತ್ತದೆ. ಅಯಸ್ಕಾಂತ ತೀರ ಹತ್ತಿರ ಬಂದರೆ ಪೇಸ್‌ಮೇಕರ್ ಎದೆಬಡಿತ ನೋಡುವುದನ್ನು ಬಿಟ್ಟು ಒಂದೇ ಲೆಕ್ಕದಲ್ಲಿ ಬಡಿಯಲು ಶುರು ಮಾಡುತ್ತದೆ, ದೂರ ಸರಿಸಿದರೆ ಮತ್ತೆ ಮೊದಲಿನಂತೆ.

ನನಗೆ ಜಾಸ್ತಿ ಯೋಚನೆ ಆಗುವುದು ಬೇಲಿ. ಅದರಲ್ಲಿ ಕರೆಂಟ್ ಸದಾ ಹರಿಯುವುದಿಲ್ಲ, ಸುಮಾರು ಸೆಕೆಂಡಿಗೊಮ್ಮೆ ಸಾವಿರಾರು ವೋಲ್ಟಿನ ಒಂದು ಹೊಡೆತ, ಕ್ಷಣಮಾತ್ರದ್ದು. ಮುಟ್ಟಿದರೆ ಆ ಹೊಡೆತವನ್ನೇ ಪೇಸ್‌ಮೇಕರ್ ಎದೆಬಡಿತ ಅಂದುಕೊಂಡು, ಹೃದಯ ತಾನೇ ಬಡಿಯುತ್ತಿದೆ ಅಂತ ಸುಮ್ಮನಾಗಬಹುದು. ತಂತಿ ಹಿಡಿದೇ ಇದ್ದರೆ ಇದು ದೊಡ್ಡ ಅಪಾಯ. ಪಕ್ಕದಲ್ಲಿ ನಡೆದು ಹೋದರೆ ತೊಂದರೆಯಿಲ್ಲ, ಒಂದು ಅಡಿಗಿಂತ ಹತ್ತಿರ ಬೇಡ. ತಂತಿಗೆ ತಾಗಿದ ಬಳ್ಳಿ ಎಳೆಯುವುದು, ಮಳೆಗಾಲದಲ್ಲಿ ಬಿದ್ದ ಕೊಂಬೆ ತೆಗೆಯುವುದು, ಇದೆಲ್ಲ ಬೇರೆಯವರು ಮಾಡಲಿ, ಅವರೂ ಬ್ಯಾಟರಿ ಪೆಟ್ಟಿಗೆ ಆಫ್ ಮಾಡಿಯೇ ಮಾಡಲಿ.

ಬೆನ್ನಿಗೆ ಹಾಕುವ ಮೆಷಿನ್ ದಯವಿಟ್ಟು ಬೇಡ. ಸ್ಪಾರ್ಕ್ ಪ್ಲಗ್ ಎದೆಯಿಂದ 30 ಸೆಂಟಿಮೀಟರ್ ಆದರೂ ದೂರ ಇರಬೇಕು, ಬೆನ್ನ ಮೇಲಿದ್ದರೆ ಅದು ಎಲ್ಲಿ ಆಗುತ್ತದೆ? ಎಲ್ಲಿ ತಲೆ ಸುತ್ತಿದರೂ ಅಲ್ಲಿಂದ ತಕ್ಷಣ ದೂರ ಬರಲು ಹೇಳಿ, ಆಮೇಲೆ ಡಾಕ್ಟರಿಗೆ ಫೋನ್ ಮಾಡಿ.

ತೋಟದಮನೆ, ಸಿದ್ದಾಪುರ:
ಇಬ್ಬರಿಗೂ ತುಂಬ ಥ್ಯಾಂಕ್ಸ್. ಅಪ್ಪನಿಗೆ ಕೂರಿಸಿ ಓದಿ ಹೇಳಿದೆ. ಬೇಲಿ ಸುತ್ತು ಬಿಡುವುದಿಲ್ಲವಂತೆ, ಆದರೆ ತಂತಿ ಮುಟ್ಟುವುದಿಲ್ಲ ಅಂತ ಒಪ್ಪಿದ್ದಾರೆ. ಅಮ್ಮ ಅವರ ಅಂಗಿಗಳ ಎಡಜೇಬನ್ನೆಲ್ಲ ಹೊಲಿದು ಮುಚ್ಚುತ್ತಾ ಕೂತಿದ್ದಾರೆ.