ಶಾಲೆಗೆ ಬರೆದು ಕೇಳಲೋ, ಇನ್ನೊಂದು ವರ್ಷ ಕಾಯಲೋ?

ಡಲ್ಲಾಸ್ ಅಮ್ಮ: ಮಗ ಮೂರನೇ ಕ್ಲಾಸು. ಲೆಕ್ಕ ಬಾಯಲ್ಲೇ ಮಾಡುತ್ತಾನೆ, ಒಂದು ಪುಟ ಓದು ಅಂದರೆ ಹೊಟ್ಟೆನೋವು ಅನ್ನುತ್ತಾನೆ. ಟೀಚರ್ ಎರಡು ವರ್ಷದಿಂದ ಒಂದೇ ಮಾತು: ಒಳ್ಳೆ ಹುಡುಗ, ಗಲಾಟೆ ಇಲ್ಲ, ಮನೆಯಲ್ಲಿ ಇಂಗ್ಲಿಷ್ ಜಾಸ್ತಿ ಮಾತಾಡಿ. ಅವನಿಗೆ ಡಿಸ್ಲೆಕ್ಸಿಯಾ, ಅಂದರೆ ಬುದ್ಧಿ ಇದ್ದರೂ ಓದು ಬರಹ ಕಷ್ಟವಾಗುವ ತೊಂದರೆ, ಇರಬಹುದು ಅಂತ ನನ್ನ ಅನುಮಾನ. ಪರೀಕ್ಷೆ ಮಾಡಿಸಿ ಅಂತ ಕೇಳಲಾ?

ಎಡಿಸನ್ ಅಪ್ಪ: ಅವಸರ ಬೇಡ ಅಕ್ಕಾ. ಸ್ಪೆಷಲ್ ಎಜುಕೇಷನ್ (ಕಲಿಕೆಯ ತೊಂದರೆ ಇರುವ ಮಕ್ಕಳಿಗೆ ಶಾಲೆ ಕೊಡುವ ವಿಶೇಷ ಪಾಠ) ಅಂತ ಒಮ್ಮೆ ಫೈಲ್ ಆದರೆ ಆ ಹಣೆಪಟ್ಟಿ ಹೋಗುವುದಿಲ್ಲ. ಮೊದಲೇ ಕಂದು ಬಣ್ಣದ ಮಗು, ಅದರ ಮೇಲೆ ಇದೊಂದು ಯಾಕೆ? ಕ್ಯಾಲಿಫೋರ್ನಿಯಾದಲ್ಲಿ ಐಕ್ಯೂ ಪರೀಕ್ಷೆ ಮಾಡಿ ಕಪ್ಪು ಮಕ್ಕಳನ್ನು ಮಂದಬುದ್ಧಿಯವರ ಕ್ಲಾಸಿಗೆ ತಳ್ಳುತ್ತಿದ್ದರು. ಅದು ತಪ್ಪು ಅಂತ ಹೇಳಲು 1979ರಲ್ಲಿ ಲ್ಯಾರಿ ಪಿ. ಕೇಸಿನಲ್ಲಿ ಕೋರ್ಟೇ ಬರಬೇಕಾಯಿತು. ನಾನು ಸುಮ್ನೆ ಹೆದರುತ್ತಿಲ್ಲ.

ಆಸ್ಟಿನ್ ಟೀಚರ್: ಹೆದರಿಕೆ ನಿಜ ಸರ್, ಆದರೆ ನಮ್ಮ ಟೆಕ್ಸಾಸ್‌ನಲ್ಲಿ ಆದದ್ದು ಉಲ್ಟಾ. ಸ್ಪೆಷಲ್ ಎಜುಕೇಷನ್ ಮಕ್ಕಳು 8.5% ದಾಟಬಾರದು ಅನ್ನುವ ಹಾಗೆ ರಾಜ್ಯವೇ 2004ರಲ್ಲಿ ಗುರಿ ಇಟ್ಟಿತ್ತು. 2016ರಲ್ಲಿ ಹ್ಯೂಸ್ಟನ್ ಕ್ರಾನಿಕಲ್ ಪತ್ರಿಕೆ ಅದನ್ನು ಬಯಲು ಮಾಡಿದ ಮೇಲೆ, 2017ರಲ್ಲಿ ತೆಗೆದರು. ಅಷ್ಟರಲ್ಲಿ ಸಹಾಯ ಬೇಕಿದ್ದ ಎಷ್ಟೋ ಮಕ್ಕಳು ದೊಡ್ಡವರಾಗಿಬಿಟ್ಟಿದ್ದರು, ಮನೆಯಲ್ಲಿ ಬೇರೆ ಭಾಷೆ ಮಾತಾಡುವವರೂ ಅದರಲ್ಲಿದ್ದರು.
ನಾನು ಕ್ಲಾಸಿನಲ್ಲಿ ಕಂಡದ್ದು ಹೇಳುತ್ತೇನೆ. ಓದಲು ಬಾರದ ಕಪ್ಪು ಹುಡುಗ ಸಿಟ್ಟಿಗೆ ಪುಸ್ತಕ ಎಸೆದರೆ ಪ್ರಿನ್ಸಿಪಾಲರ ಹತ್ತಿರ ಕಳಿಸುತ್ತಾರೆ, ನಮ್ಮ ಹುಡುಗ ತೆಪ್ಪಗೆ ಕೂತರೆ ಜಾಣ ಅನ್ನುತ್ತಾರೆ. ಇಬ್ಬರಿಗೂ ಓದು ಮಾತ್ರ ಯಾರೂ ಕಲಿಸಲಿಲ್ಲ, ಅಲ್ವಾ?

ಸಿಯಾಟಲ್ ಅಜ್ಜಿ: ಕನ್ನಡ ಮಾತ್ರ ಬಿಡಬೇಡ ಕಣಮ್ಮ. ನಮ್ಮ ಮನೆಯಲ್ಲಿ ಶಾಲೆಯವರ ಮಾತು ಕೇಳಿ ಬಿಟ್ಟೆವು. ಓದು ಅಷ್ಟರಲ್ಲೇ ಇತ್ತು, ಮೊಮ್ಮಗಳು ನನ್ನ ಹತ್ತಿರ ಕಥೆ ಹೇಳುವುದು ನಿಂತುಹೋಯಿತು.

ಆಸ್ಟಿನ್ ಟೀಚರ್: ಅಜ್ಜಿ ಹೇಳಿದ್ದು ಸರಿ. ಎರಡು ಭಾಷೆಯಿಂದ ಡಿಸ್ಲೆಕ್ಸಿಯಾ ಬರುವುದಿಲ್ಲ. ಸ್ಪೆಷಲ್ ಎಜುಕೇಷನ್ ಬಗ್ಗೆ ಇಡೀ ಅಮೆರಿಕಕ್ಕೆ ಇರುವ ಐಡಿಇಎ ಕಾನೂನಿನಲ್ಲೂ ಇದೆ: ಇಂಗ್ಲಿಷ್ ಸಾಲದು ಅನ್ನುವ ಕಾರಣಕ್ಕೆ ಮಗುವಿಗೆ ತೊಂದರೆ ಇದೆ ಅಂತ ತೀರ್ಮಾನಿಸುವ ಹಾಗಿಲ್ಲ, ಪರೀಕ್ಷೆ ಮಗುವಿನ ಭಾಷೆ ನೋಡಿಕೊಂಡೇ ಮಾಡಬೇಕು. ಮಗುವಿಗೆ ಏನು ಸಹಾಯ ಅಂತ ಶಾಲೆ ಕರೆಯುವ ಮೀಟಿಂಗಿನಲ್ಲಿ ಅಪ್ಪ ಅಮ್ಮನಿಗೆ ಅರ್ಥವಾಗದಿದ್ದರೆ ದುಭಾಷಿಯನ್ನೂ ಕೊಡಬೇಕು, ದುಡ್ಡಿಲ್ಲದೆ.

ಎಡಿಸನ್ ಅಪ್ಪ: ಕಾನೂನು ಕಾಗದದಲ್ಲಿ ಚೆನ್ನಾಗಿಯೇ ಇರುತ್ತದೆ. ಮಗುವನ್ನು ಬೇರೆ ಕೋಣೆಗೆ ಕಳಿಸಿದರೆ ಗೆಳೆಯರು ಏನೆನ್ನುತ್ತಾರೆ? ನನ್ನ ಮಗಳು ಅತ್ತುಕೊಂಡು ಬಂದಿದ್ದಾಳೆ. ಆ ಸಂಜೆ ನನಗೆ ಮರೆಯಲಾಗುವುದಿಲ್ಲ.

ಆಸ್ಟಿನ್ ಟೀಚರ್: ಅದಕ್ಕೇ ಮೀಟಿಂಗಿನಲ್ಲಿ ಕೂತು ಕೇಳಬೇಕು ಸರ್: ಎಷ್ಟು ಹೊತ್ತು, ಯಾವ ಪಾಠ ತಪ್ಪುತ್ತದೆ, ಕ್ಲಾಸಿನಲ್ಲೇ ಆಗುವುದಿಲ್ಲವೇ ಅಂತ. ನಿಮ್ಮ ಸಹಿ ಇಲ್ಲದೆ ಸೇವೆ ಶುರುವಾಗುವುದಿಲ್ಲ, ಬೇಡವಾದರೆ ಬರೆದುಕೊಟ್ಟು ನಿಲ್ಲಿಸಬಹುದು.
ಡಲ್ಲಾಸ್ ಅಕ್ಕಾ, ಬಾಯಿಮಾತಲ್ಲಿ ಕೇಳಬೇಡಿ, ಈಮೇಲ್ ಹಾಕಿ. ಟೆಕ್ಸಾಸ್‌ನಲ್ಲಿ ಶಾಲೆ ನಡೆಯುವ 15 ದಿನಗಳ ಒಳಗೆ ಉತ್ತರ ಕೊಡಬೇಕು. ನೀವು ಒಪ್ಪಿಗೆ ಕೊಟ್ಟ ಮೇಲೆ ವರದಿಗೆ ಸಾಮಾನ್ಯವಾಗಿ 45 ಶಾಲಾದಿನ. ಅಲ್ಲಿಯವರೆಗೆ ಪಾಠ ನೀವೇ ಓದಿ ಹೇಳಿ, ಉತ್ತರ ಅವನು ಬಾಯಲ್ಲಿ ಹೇಳಲಿ. ಕನ್ನಡದಲ್ಲಿ ಹೇಳಿದರೂ ನಡೆಯುತ್ತದೆ.

ಡಲ್ಲಾಸ್ ಅಮ್ಮ: ಹೊಟ್ಟೆನೋವಿನ ವಿಷಯವನ್ನೂ ಬರೆಯಲಾ? ಯಾವ ದಿನ, ಏನು ಓದುವಾಗ ಅಂತ ಕ್ಯಾಲೆಂಡರಿನಲ್ಲಿ ಗುರುತು ಮಾಡಿಟ್ಟಿದ್ದೇನೆ.

ಆಸ್ಟಿನ್ ಟೀಚರ್: ಬರೆಯಿರಿ ಅಕ್ಕಾ, ತಾರೀಕಿನ ಸಮೇತ. ಆ ಕ್ಯಾಲೆಂಡರಿನ ಫೋಟೋ ಕೂಡ ಕಳಿಸಿ.