‘ಪ್ರೇಷಿತ ಜೀವನ’: ಮರಿಯಮ್ಮನವರ ಬಗ್ಗೆ ಹೇಳುವಾಗ ಈ ಪದ ಸರಿಯಾ?

ಎಲ್ಲರಿಗೂ ಶರಣು.

ಅಕ್ಟೋಬರ್ ಕಥೋಲಿಕರಾದ ನಮಗೆ ಜಪಸರದ ತಿಂಗಳು, ಅಂದರೆ ಮಣಿ ಎಣಿಸುತ್ತ ಯೇಸುವಿನ ತಾಯಿ ಮರಿಯಮ್ಮನವರನ್ನು ನೆನೆಯುವ ತಿಂಗಳು. ಕಲಬುರಗಿಯ ನಮ್ಮ ಓಣಿಯಲ್ಲಿ ಹೆಂಗಸರು ದಿನಾ ಸಂಜೆ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತಾರೆ. ಮೊನ್ನೆ ಅಲ್ಲಿ ನಾನೊಂದು ಚೀಟಿ ಓದಿದೆ. ‘ಮಾತೆ ಮರಿಯಮ್ಮನವರು ಪ್ರೇಷಿತ ಜೀವನಕ್ಕೆ ಮಾದರಿ’ ಅಂತ ಅದರ ಮೊದಲ ಸಾಲು. ಒಬ್ಬ ಆಯಿ ಆಗಷ್ಟೇ ರೊಟ್ಟಿ ಬಡಿದು ಬಂದಿದ್ದರು. ಉಗುರಿನ ಸಂದಿಯಲ್ಲಿ ಇನ್ನೂ ಜೋಳದ ಹಿಟ್ಟಿತ್ತು. ಜಪಸರ ಮಡಿಲಲ್ಲಿಟ್ಟು ಕೇಳಿದರು: “ಪ್ರೇಷಿತ ಅಂದ್ರೇನ್ರಿ?”

“ಕಳಿಸಿದವರು, ಆಯಿ” ಅಂದೆ.

“ಯಾರಿಗಿ ಕಳಿಸ್ಯಾರ? ಮರಿಯಮ್ಮ ಮನ್ಯಾಗೇ ಇದ್ದಳಲ್ಲ!”

ನನ್ನ ಉತ್ತರವೇ ತಪ್ಪಿತ್ತು. ‘ಕಳಿಸಿದವರು’ ಅಂದರೆ ಕನ್ನಡದಲ್ಲಿ ಕಳಿಸಿದ ಆ ಮನುಷ್ಯರೇ ಅಲ್ವಾ? ಸಂಸ್ಕೃತದಲ್ಲಿ ಕಳಿಸುವವನು ಪ್ರೇಷಕ, ಯಾರನ್ನು ಕಳಿಸುತ್ತಾರೋ ಅವನು ಪ್ರೇಷಿತ. ನಮ್ಮ ಮಾತಿನಲ್ಲಿ ಆ ಎರಡನೆಯದಕ್ಕೆ ಒಂದೇ ಪದ ಸಿಗುವುದಿಲ್ಲ. ‘ಕಳಿಸಲ್ಪಟ್ಟವರು’ ಅಂತ ಯಾರೂ ಮಾತಾಡುವುದಿಲ್ಲ. ‘ದೇವರು ಕಳಿಸಿದ ಮಂದಿ’ ಅಂದರೆ ಮಾತ್ರ ತಟ್ಟನೆ ತಿಳಿಯುತ್ತದೆ.

ಮೂಲ ಗ್ರೀಕ್ ಪದ ‘ಅಪೊಸ್ತೊಲೊಸ್’. ಅದರ ಅರ್ಥವೂ ಇದೇ. ಪ್ರೊಟೆಸ್ಟಂಟರ ಬೈಬಲ್‌ನಲ್ಲಿ ಅದು ‘ಅಪೊಸ್ತಲ’ ಆಗಿ ಉಳಿಯಿತು. ಬೀದರ್ ಕಡೆ ಮೆಥೋಡಿಸ್ಟರು ಜಾಸ್ತಿ, ಬೈಬಲ್‌ನ ಒಂದು ಪುಸ್ತಕ ಅವರ ಬಾಯಲ್ಲಿ ‘ಅಪೊಸ್ತಲರ ಕೃತ್ಯಗಳು’. ಅದೇ ಪುಸ್ತಕ ನಮ್ಮ ಕಥೋಲಿಕರಿಗೆ ‘ಪ್ರೇಷಿತರ ಕಾರ್ಯಕಲಾಪಗಳು’. ಉರ್ದು ಬೈಬಲ್‌ನಲ್ಲಿ ಅದು ‘ರಸೂಲೋಂ ಕೆ ಆಮಾಲ್’. ‘ರಸೂಲ್’ ಅಂದರೂ ಅದೇ ಅರ್ಥ. ಆ ಪದ ನಮ್ಮ ಊರಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಮರಿಯಮ್ಮನವರನ್ನು ‘ಪ್ರೇಷಿತರ ರಾಣಿ’ ಅಂದಾಗ ನನಗೆ ತೊಡಕಿಲ್ಲ. ಅಲ್ಲಿ ಪ್ರೇಷಿತರು ಅಂದರೆ ಯೇಸು ಆರಿಸಿದ ಹನ್ನೆರಡು ಜನ ಮತ್ತು ಪೌಲನಂಥವರು. ತೊಡಕು ಇರುವುದು ‘ಪ್ರೇಷಿತ ಜೀವನ’ದಲ್ಲಿ. ಕೇಳಿದವರಿಗೆ ಊರೂರು ತಿರುಗಿ ಬೋಧನೆ ಮಾಡುವ ಬಾಳು ಅನ್ನಿಸುತ್ತದೆ. ಆದರೆ ಎರಡನೇ ವ್ಯಾಟಿಕನ್ ಮಹಾಸಭೆ (ಕಥೋಲಿಕ ಬಿಷಪರ ಜಾಗತಿಕ ಸಭೆ) 1965ರ ನವೆಂಬರ್ 18ರಂದು ಶ್ರೀಸಾಮಾನ್ಯರು, ಅಂದರೆ ಪಾದ್ರಿಗಳಲ್ಲದ ಭಕ್ತರು, ಮಾಡುವ ಸೇವೆಯ ಬಗ್ಗೆ ಹೊರಡಿಸಿದ ಆಜ್ಞಾಪತ್ರದಲ್ಲಿ ಮರಿಯಮ್ಮನವರನ್ನು ಇಂಥ ಬಾಳಿಗೆ ಮಾದರಿ ಅಂದದ್ದು ಬೇರೆ ರೀತಿಯಲ್ಲಿ. ಅವರೂ ಎಲ್ಲರ ಹಾಗೆ ಮನೆಯ ಚಿಂತೆ, ದುಡಿಮೆಗಳ ನಡುವೆಯೇ ಬದುಕಿದರು, ಹಾಗೆ ಬದುಕುತ್ತಲೇ ಮಗನ ಕೆಲಸದಲ್ಲಿ ಜೊತೆಯಾದರು ಅನ್ನುತ್ತದೆ ಅದು. ಅಂದರೆ ರೊಟ್ಟಿ ಬಡಿಯುವ ಆಯಿಯ ಬಾಳೂ ಇದರೊಳಗೇ ಬರುತ್ತದೆ. ಅದನ್ನು ಅವರಿಗೆ ಮುಟ್ಟಿಸಬೇಕಾದ ಪದವೇ ಅಡ್ಡ ನಿಂತಿದೆ. ನನಗೆ ಸಂಕಟ ಇದೇ.

ಬೈಬಲ್‌ನಲ್ಲಿ ಲೂಕನ ಶುಭಸಂದೇಶದ ಮೊದಲ ಅಧ್ಯಾಯ ನೋಡಿ. ಯೇಸು ಹುಟ್ಟುವ ಸುದ್ದಿಯನ್ನು ದೇವದೂತ ಹೇಳಿದ, ‘ಹೋಗು’ ಅನ್ನಲಿಲ್ಲ. ಆದರೂ ಮರಿಯ ಅವಸರದಿಂದ ಬೆಟ್ಟದ ಸೀಮೆಗೆ ಹೊರಟರು, ತಮ್ಮ ಬಂಧು ಎಲಿಜಬೇತಳ ಮನೆಯಲ್ಲಿ ಸುಮಾರು ಮೂರು ತಿಂಗಳು ಇದ್ದರು. ಯಾರೂ ಕಳಿಸದೆ ತಾವಾಗಿ ಹೋದವರನ್ನು ‘ಪ್ರೇಷಿತ’ ಅನ್ನಬಹುದಾ?

ಅದರ ಬದಲು ‘ಸೇವಾ ಜೀವನ’ ಅಂದರೆ ಸಪ್ಪೆ, ಕಳಿಸಿದವನೇ ಅದರಲ್ಲಿ ಕಾಣುವುದಿಲ್ಲ. ‘ಕಾಯಕ’ ಹತ್ತಿರ ಅನ್ನಿಸಿತು. ಆದರೆ ಕಲ್ಯಾಣದ ಶರಣರು ಅದಕ್ಕೆ ತುಂಬಿದ ಅರ್ಥವೇ ಬೇರೆ, ಸುಮ್ನೆ ಎತ್ತಿಕೊಳ್ಳಲು ಮನಸ್ಸು ಬರಲಿಲ್ಲ. ಸದ್ಯ ಚೀಟಿಯಲ್ಲಿ ‘ದೇವರ ಮಾತು ಹೊತ್ತು ಬಾಳುವುದು’ ಅಂತ ತಿದ್ದಿದ್ದೇನೆ. ಉದ್ದವಾಯಿತು, ಆದರೆ ಆಯಿ ತಲೆಯಾಡಿಸಿದರು. ಇದಕ್ಕಿಂತ ಚಿಕ್ಕ ಪದ ನಿಮ್ಮ ಕಡೆ ಬಳಕೆಯಲ್ಲಿದ್ದರೆ ತಿಳಿಸಿ. ಹಿಂದಿನ ಕನ್ನಡದಲ್ಲಿ, ಚರ್ಚಿನ ಹೊರಗೆ, ‘ಪ್ರೇಷಿತ’ ಎಲ್ಲಾದರೂ ಕಂಡಿದ್ದರೆ ಆ ಸಾಲನ್ನೂ ಬರೆಯಿರಿ.