ರೆಸಿನ್ ವಿಷಯದಲ್ಲಿ ಅಂಗಡಿಯ ಹೊಸಬರ ಮಾತು ನಂಬಬಹುದಾ? ಸಹಾಯ ಬೇಕು

ರೆಸಿನ್ (ಹಾರ್ಡನರ್ ಅನ್ನೋ ಇನ್ನೊಂದು ದ್ರವ ಬೆರೆಸಿದರೆ ಗಟ್ಟಿಯಾಗುವ ದ್ರವ) ಬಗ್ಗೆ ಕ್ರಾಫ್ಟ್ ಅಂಗಡಿಗೆ ಹೊಸದಾಗಿ ಸೇರಿದವರು "ಬೇಗ ಗಟ್ಟಿಯಾಗಬೇಕಾ, ಹಾರ್ಡನರ್ ಸ್ವಲ್ಪ ಜಾಸ್ತಿ ಹಾಕಿ" ಅಂತಾರೆ. ಎಪಾಕ್ಸಿ ಅನ್ನೋ ಬಗೆಯ ರೆಸಿನ್‌ಗೆ ಇದು ತಪ್ಪು. ಹೆಚ್ಚಾದ ಹಾರ್ಡನರ್ ಜೊತೆ ಕೂಡಲು ರೆಸಿನ್ ಇರಲ್ಲ. ಅದು ಹಾಗೇ ಉಳಿದು ಮೇಲ್ಮೈ ಅಂಟಂಟಾಗುತ್ತೆ. (ಪಾಲಿಯೆಸ್ಟರ್ ರೆಸಿನ್‌ನಲ್ಲಿ ಕ್ಯಾಟಲಿಸ್ಟ್, ಅಂದರೆ ಗಟ್ಟಿಯಾಗುವ ಕ್ರಿಯೆ ಶುರುಮಾಡುವ ವಸ್ತು, ಹೆಚ್ಚಿಸಿದರೆ ಬೇಗ ಗಟ್ಟಿಯಾಗೋದು ನಿಜ. ಬಹುಶಃ ಎರಡನ್ನೂ ಒಂದೇ ಅಂದುಕೊಂಡಿದ್ದಾರೆ.) ರೆಸಿನ್ ಮತ್ತು ಹಾರ್ಡನರ್ 2:1 ಅಂದರೆ ಲೋಟದ ಅಳತೆಯೋ ತೂಕವೋ ಅಂತ ಕೇಳಿದರೆ "ಎರಡೂ ಒಂದೇ" ಅಂತಾರೆ. ಸಾಂದ್ರತೆ ಬೇರೆ ಇರುವಾಗ ಹೇಗೆ ಒಂದೇ ಆಗುತ್ತೆ?

ಅನುಪಾತಕ್ಕೇನೋ ಬಾಟಲಿಯ ಲೇಬಲ್ ಇದೆ. ಲೇಬಲ್‌ನಲ್ಲಿ ಇಲ್ಲದ್ದಕ್ಕೆ, ಅಂದರೆ 2 ಸೆಂ.ಮೀ. ದಪ್ಪ ಒಂದೇ ಸಲ ಸುರಿದರೆ ಬಿಸಿಯೇರಿ ಬಿರುಕು ಬಿಡುತ್ತಾ, ರೆಸಿನ್‌ಗೆ ಎಷ್ಟು ಅಕ್ರಿಲಿಕ್ ಬಣ್ಣ ಬೆರೆಸಿದರೂ ತಡೆಯುತ್ತೆ ಅನ್ನೋದಕ್ಕೆ, ಇವರನ್ನು ಎಷ್ಟು ನಂಬೋದು? ಗೊತ್ತಿರುವವರು ಯಾರು ಅಂತ ಕೌಂಟರ್‌ನಲ್ಲೇ ತಿಳಿಯಲು ನೀವು ಕೇಳುವ ಪ್ರಶ್ನೆಗಳಿದ್ದರೆ ದಯವಿಟ್ಟು ಹೇಳಿ.